ಕಲ್ಲಿನ ಬೆನ್ನು

ನಮಗ ಗೊತ್ತಿದ್ದ ಹವಾಯಿ ಒಂದೇ.
ಸಂತಿಯೊಳಗ ಜೋಡಿಗೆ ಹದಿನೆಂಟು ರೂಪಾಯಿ,
ನೀಲಿ ಪಟ್ಟಿ, ಬಿಳೀ ಅಟ್ಟಿ,
ಮಳಿಗಾಲದಾಗ ಸೀರಿ ಹಿಂದೆಲ್ಲಾ ರಾಡಿ ಸಿಡಿಸೋ ಚಪ್ಪಲಿ.

ಈಗ ಕಲಘಟಗಿ ರಸ್ತಾಕ ಕಮಾನು ಎದ್ದೈತಿ:
ಹವಾಯಿ ಬೀಚ್ ರಿಸಾರ್ಟ್.
ಸಮುದ್ರ ಇಲ್ಲಿಂದ ಘಟ್ಟ ಇಳಿದು ನಾಕು ತಾಸು.
ಉಸುಕು ಲಾರಿಯೊಳಗ ಬಂತು,
ತೆರಿ ಕರೆಂಟಿನಿಂದ ಬರತಾವ,
ಸಂಜಿ ಏಳಕ್ಕ ಬಂದ್.

ಬದ್ದಿ ಸಾವ್ಕಾರ್ರು ಖರೇ ಹವಾಯಿಗೆ ಹೋಗಿ ಬಂದಾರ.
ಅಲ್ಲೆ ಸಮುದ್ರದ ದಂಡಿಗೆ ಒಂದು ಹೊಟೆಲ್ಲಂತ,
ಅದರ ಅಂಗಳದಾಗ ಹಳೇ ಅರಸರು ಮೀನ ಸಾಕಿದ ಹೊಂಡ ಅಂತ,
ಹೊಂಡದ ಕಲ್ಲು ಯಾರ್ಯಾರ ಕೈ ದಾಟಿ ಬಂದ್ವು ಅನ್ನೋದನ್ನ
ಒಬ್ಬ ಮುದುಕಿ ದಿನಾ ಮುಂಜಾನೆ
ಬಂದವರ ನಡುವ ಕುಂತು ಹೇಳತಾಳಂತ.
ಸಾವ್ಕಾರ್ರಿಗೆ ಆ ಮುದುಕಿ ಭಾಳ ಹಿಡಿಸಿದಳು.
ನಮ್ಮ ಜಾಗಾಕೂ ಒಂದು ಇತಿಹಾಸ ಬೇಕಲ್ಲೋ, ಅಂದರು ಮ್ಯಾನೇಜರಗ,
ಟಾವೆಲ್ ಬೇಕು ಅಂದಂಗ.

ಇತಿಹಾಸ ಜೆಸಿಬಿಗೆ ಸಿಕ್ಕಿತು.
ಕೆರಿ ದಂಡ್ಯಾಗ ನಮ್ಮ ಒಗ್ಯಾಣದ ಹಾಸಗಲ್ಲು ಕಿತ್ತು ಹೊರಳಿಸಿದರ
ತೆಳಗ ಮಾರಿ ಇತ್ತು!
ಕುದರಿ, ಕುದರಿ ಮ್ಯಾಲ ಒಬ್ಬಾಂವ,
ಹಿಂದ ಐದು ಆಕಳು,
ಮ್ಯಾಲಿನ ಸಾಲಿನ್ಯಾಗ ಅವನ್ನ ಎತ್ತಿಕೊಂಡು ಹೊಂಟ ಇಬ್ಬರು ಹೆಂಗಸರು.
ಮಣ್ಣಿನ್ಯಾಗ ಬೋರಲ ಬಿದ್ದು
ಎಷ್ಟು ಕಾಲ ಹಂಗ ಮಾರಿ ಮುಚಗೊಂಡಿದ್ದನೋ.
ನಮ್ಮ ಮುತ್ಯಾ, ಅವನ ಮುತ್ಯಾ,
ದೇಸಾಯರ ಧೋತರ, ಗೌಡರ ಜಮಖಾನಿ, ಬಾಣಂತೀ ಅರಿವಿ,
ಎಲ್ಲಾ ಅವನ ಬೆನ್ನ ಮ್ಯಾಲ ಬಡದವರು.
ಅಂವ ಒಮ್ಮೆನೂ ನರಳಲಿಲ್ಲ.

ಧಾರವಾಡದಿಂದ ಪ್ರೊಫೆಸರು ಬಂದು
ಅಕ್ಷರದ ಮ್ಯಾಲ ಹಿಟ್ಟು ಉಜ್ಜಿ ಓದಿದರು.
ತುರು ಬಿಡಸಾಕ ಹೋಗಿ ಸತ್ತಾನಂತ.
ಯಾರು ಅಂದರ, ಹೆಸರಿನ ಜಾಗಾದಾಗ ಜೆಸಿಬಿ ಹಲ್ಲು ನಟ್ಟಿತ್ತು.
ಒಂದು ಸಾಲು ಹೋತು, ಅಂತ ಕನ್ನಡಕ ಒರಸಿಕೊಂಡರು
ತಮ್ಮ ಮನ್ಯಾಗ ಯಾರೋ ಹೋದಂಗ.

ನಮ್ಮವ್ವ ತುಂಗವ್ವ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ,
ಊರಿನ ಅರಿವಿ ಮಾತ್ರ ಎಲ್ಲಾ ಓದತಿದ್ದಳು.
ಅಂಚಿನ ಮೂಲ್ಯಾಗ ಕರೀ ಗೇರೆಣ್ಣಿ ಗುರುತು:
ಮೂರು ಚುಕ್ಕಿ ವಾಡೇದವರು,
ಚುಕ್ಕಿ ಮ್ಯಾಲೊಂದು ಗೀಟು ಮಾಸ್ತರ ಮನಿ,
ಕತ್ರಿ ಗುರುತು ಗಂಡ ಬಿಟ್ಟ ಶಿವಕ್ಕಂದು.
ನಮ್ಮ ಅರಿವಿಗೆ ಗುರುತ ಇರಲಿಲ್ಲ.
ಉಳಿದದ್ದು ನಮ್ಮದು.

ಕೆರಿ ಮಗ್ಗಲ ಎಂಟು ಗುಂಟೆ ಚಾಕರಿ ಹೊಲ
ಕಾಕಾ ಮಾರಿದ.
ಯಾರೂ ಹೆದರಿಸಲಿಲ್ಲ, ಮೋಸನೂ ಮಾಡಲಿಲ್ಲ.
ಟಂಟಂ ತಗೊಂಡು ಹಣಿಗೆ ಮಾಚಿದೇವರ ಕೃಪೆ ಅಂತ ಬರಿಸಿದ,
ನನಗ ಇಲ್ಲೆ ಕೆಲಸ ಹೇಳಿದ.
ಇಪ್ಪತ್ತೆರಡು ಖೋಲಿ, ನಲವತ್ನಾಕು ಬೆಡ್‌ಶೀಟು,
ಎಲ್ಲಾ ಬಿಳೀವು, ಯಾರ ಮೈ ಯಾವುದರಾಗ ಹೊರಳಿತ್ತೋ ಗೊತ್ತಾಗೂದಿಲ್ಲ.
ಮಷಿನ್ನು ತಾನ ತಿರಗತೈತಿ,
ಮುಗಿದ ಮ್ಯಾಲ ಹಸದ ಕರುವಿನಂಗ ಕೂಗತೈತಿ.

ಕಲ್ಲು ಈಗ ರಿಸೆಪ್ಷನ್ನಿನ್ಯಾಗ ನಿಂತೈತಿ.
ತೆಳಗಿಂದ ದೀಪ, ಮಗ್ಗಲಕ ಬೋರ್ಡು:
ವೀರಗಲ್ಲು, ಹನ್ನೆರಡನೇ ಶತಮಾನ.
ಅಲ್ಲಿಂದ ಸಾವ್ಕಾರ್ರ ತನಕ ಒಂದೇ ಜಿಗಿತ,
ನಡುವ ಯಾರೂ ಅರಿವೀನ ಹೊಲಸ ಮಾಡಲಿಲ್ಲ ಅನ್ನಂಗ.

ಬಂದವರು ಮುಂದ ನಿಂತು ಫೋಟೋ ಹೊಡಕೋತಾರ.
ಧೂಳ ಝಾಡಸಾಕ ನಾ ಹಿಂದ ಹೋಗತೀನಿ.
ಗ್ವಾಡಿಗೂ ಕಲ್ಲಿಗೂ ನಡುವ ಒಂದು ಮೊಳ ಜಾಗಾ.
ಅಲ್ಲೆ ಐತಿ ಬೆನ್ನು,
ಎಣ್ಣಿ ಹಚ್ಚಿ ಎರದ ಕೂಸಿನ್ಹಂಗ ನುಣ್ಣಗ.
ನಡುವ ಒಂದು ತಗ್ಗು, ಒಂದು ಕಡೆ ವಾಲಿದ್ದು.
ನಮ್ಮವ್ವ ಎಡಚಿ.
ಅಕಿಗಿಂತ ಮುಂಚಿನವರ ಲೆಕ್ಕ ನನಗ ಗೊತ್ತಿಲ್ಲ.

ನಿನ್ನೆ ಮ್ಯಾನೇಜರ ಕೇಳಿದ:
ನೀಲವ್ವಾ, ಬಂದವರಿಗೆ ಈ ಜಾಗಾದ್ದು ನಾಕು ಮಾತು ಹೇಳತೀಯೇನ?
ಇಳಕಲ್ ಸೀರಿ ಅವರೇ ಕೊಡತಾರಂತ,
ಪಗಾರಕ್ಕ ಮ್ಯಾಲ ಐದುನೂರು.
ಕಲ್ಲು ಹೊಳ್ಳಿಸಿ ನಿಂದರಸ್ರಿ, ಹೇಳತೀನಿ, ಅಂದೆ.
ಅಂವ ನಕ್ಕ.
ಒಳಗ ಮಷಿನ್ನು ಕೂಗಿತು. ನಾ ಹೋದೆ.